ವೀದಾ ಆಲ್ವೆಸ್: ಬ್ರೆಜಿಲ್ ಟಿವಿಯ ಮೊದಲ ಮುತ್ತು, ಅದರಾಚೆಗಿನ ಬದುಕು (ಪದೇ ಪದೇ ಕೇಳುವ ಪ್ರಶ್ನೆಗಳು)

ಬ್ರೆಜಿಲ್‌ನ ಟಿವಿ ಧಾರಾವಾಹಿಗಳ ಚರಿತ್ರೆ ಓದಲು ಕೂತರೆ ಶುರುವಿನಲ್ಲೇ ಸಿಗುವ ಹೆಸರು ವೀದಾ ಆಲ್ವೆಸ್. ತುಂಬಾ ಜನರಿಗೆ ಅವರು ಗೊತ್ತಿರುವುದು ಒಂದು ಮುತ್ತಿನಿಂದ. ನನಗೆ ಅವರ ಮೇಲೆ ಅಭಿಮಾನ ಹುಟ್ಟಿದ್ದು ಅದಾಗಿ ನಲವತ್ತು ವರ್ಷ ಕಳೆದ ಮೇಲೆ ಅವರು ಕೈಗೆತ್ತಿಕೊಂಡ ಕೆಲಸದಿಂದ. ಅವರ ಬಗ್ಗೆ ಮಾತಾಡುವಾಗೆಲ್ಲ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಸೇರಿಸಿದ್ದೇನೆ.

ವೀದಾ ಆಲ್ವೆಸ್ ಯಾರು? ಚಿಕ್ಕದಾಗಿ ಹೇಳಿ.

ಬ್ರೆಜಿಲ್‌ನ ರೇಡಿಯೋ ಮತ್ತು ಟಿವಿ ನಟಿ. ಹುಟ್ಟಿದ್ದು 1928ರಲ್ಲಿ, ತೀರಿಕೊಂಡದ್ದು 2017ರಲ್ಲಿ. ಆ ದೇಶದ ಮೊದಲ ಟಿವಿ ಧಾರಾವಾಹಿಯ ನಾಯಕಿ ಅವರೇ. ಬ್ರೆಜಿಲ್ ಟಿವಿಯಲ್ಲಿ ಮೊದಲ ಸಲ ಮುತ್ತು ಕೊಟ್ಟ ದೃಶ್ಯದಲ್ಲಿ ಇದ್ದವರೂ ಅವರೇ. ಹನ್ನೊಂದು ವರ್ಷಗಳಾದ ಮೇಲೆ ಇಬ್ಬರು ಹೆಂಗಸರ ನಡುವಿನ ಮೊದಲ ಮುತ್ತು ಟಿವಿಯಲ್ಲಿ ಬಂದಾಗ, ಆ ಇಬ್ಬರಲ್ಲಿ ಒಬ್ಬರು ಮತ್ತೆ ಅವರೇ. ವಯಸ್ಸಾದ ಮೇಲೆ ಟಿವಿಯ ಹಳೆಯ ನೆನಪುಗಳನ್ನು ಉಳಿಸಲು ಒಂದು ಸಂಘ ಕಟ್ಟಿದರು, ತಮ್ಮ ಮನೆಯನ್ನೇ ಮ್ಯೂಸಿಯಂ ಮಾಡಿದರು.

ಹೆಸರನ್ನು ಹೇಗೆ ಹೇಳುವುದು? ಅದಕ್ಕೆ ಅರ್ಥ ಇದೆಯಾ?

ಇದೆ. ಪೋರ್ಚುಗೀಸ್ ಭಾಷೆಯಲ್ಲಿ ‘ವೀದಾ’ ಅಂದರೆ ಬದುಕು, ಜೀವ. ‘ದ’ ಅಕ್ಷರವನ್ನು ನಮ್ಮ ‘ದಾರ’ದಲ್ಲಿ ಇರುವಂತೆ ಮೆತ್ತಗೆ ಹೇಳಬೇಕು, ‘ಡ’ ಅಲ್ಲ. ಇಂಗ್ಲಿಷ್ ಅಕ್ಷರ ನೋಡಿ ‘ವಿಡಾ’ ಅಂತ ಓದುವವರೇ ಜಾಸ್ತಿ. ಈ ಅರ್ಥವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಅವರ ಧಾರಾವಾಹಿಯ ಹೆಸರು ಬಂದಾಗ ಬೇಕಾಗುತ್ತದೆ.

ಎಲ್ಲಿಯವರು?

ಮೀನಾಸ್ ಜೆರಾಯಿಸ್ ರಾಜ್ಯದ ಇತಾನ್ಯಾಂದು ಅನ್ನುವ ಸಣ್ಣ ಊರು. ಅಲ್ಲಿ 1928ರ ಏಪ್ರಿಲ್ 15ರಂದು ಹುಟ್ಟಿದರು. ಆದರೆ ಅವರ ಕೆಲಸ, ಸಂಸಾರ, ಮುಪ್ಪು ಎಲ್ಲ ನಡೆದದ್ದು ಸಾವೊ ಪಾಲೊ ನಗರದಲ್ಲಿ. ಹಾಗಾಗಿ ಅವರನ್ನು ಸಾವೊ ಪಾಲೊದ ನಟಿ ಅಂತಲೇ ಕರೆಯುತ್ತಾರೆ.

ರೇಡಿಯೋ ನಟಿ ಅಂದರೆ ಏನು ಮಾಡುತ್ತಿದ್ದರು?

1940ರ ದಶಕದ ಬ್ರೆಜಿಲ್‌ನಲ್ಲಿ ರೇಡಿಯೋ ಅಂದರೆ ಮನೆಮನೆಯ ಸಂಗತಿ. 1941ರಲ್ಲಿ ರಿಯೊ ನಗರದ ರಾದಿಯೊ ನಾಸಿಯೊನಾಲ್ ಕೇಂದ್ರ ಮೊದಲ ರೇಡಿಯೋ ಧಾರಾವಾಹಿಯನ್ನು ಪ್ರಸಾರ ಮಾಡಿತು. ಅದರ ಕಥೆ ಕ್ಯೂಬಾದಿಂದ ಬಂದದ್ದು. ಹಣ ಹಾಕಿದ್ದು ಟೂತ್‌ಪೇಸ್ಟ್ ಕಂಪನಿ ಕೋಲ್ಗೇಟ್. ಜನ ಎಷ್ಟು ಹಚ್ಚಿಕೊಂಡರು ಅಂದರೆ, ಬೇರೆ ಕೇಂದ್ರಗಳೂ ಅದೇ ದಾರಿ ಹಿಡಿದವು. ಕಥೆ, ಕಣ್ಣೀರು, ನಾಳೆ ಏನಾಗುತ್ತೋ ಅನ್ನುವ ಕಾತರ ಎಲ್ಲ ಬರೀ ದನಿಯಲ್ಲೇ.

ರೇಡಿಯೋ ನಟಿಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸ್ಟುಡಿಯೋ ಮಧ್ಯೆ ಒಂದು ಮೈಕ್. ಅದರ ಸುತ್ತ ನಾಲ್ಕೈದು ಜನ ನಿಂತಿರುತ್ತಾರೆ. ಎಲ್ಲರ ಕೈಯಲ್ಲೂ ಟೈಪ್ ಮಾಡಿದ ಹಾಳೆಗಳು. ಹಾಳೆ ತಿರುವಿದರೆ ಸರಕ್ ಅಂತ ಸದ್ದಾಗುತ್ತದೆ. ಆ ಸದ್ದು ಮೈಕಿಗೆ ಬೀಳಬಾರದು. ಅದಕ್ಕೆ ಓದಿ ಮುಗಿದ ಹಾಳೆಯನ್ನು ಮೆಲ್ಲಗೆ ಜಾರಿಸುವುದನ್ನು ಕಲಿಯಬೇಕು. ಪಿಸುಮಾತು ಇದ್ದರೆ ಮೈಕಿನ ಹತ್ತಿರ ಬರಬೇಕು. ಕೂಗಾಟ ಇದ್ದರೆ ಎರಡು ಹೆಜ್ಜೆ ಹಿಂದೆ ಹೋಗಬೇಕು. ಪಕ್ಕದಲ್ಲೇ ಇನ್ನೊಬ್ಬರು ಬಾಗಿಲ ಸದ್ದು, ಮಳೆ ಸದ್ದು, ಕುದುರೆ ಕಾಲಿನ ಸದ್ದು ಮಾಡುತ್ತಿರುತ್ತಾರೆ. ಕೇಳುಗರಿಗೆ ನಾಯಕಿ ಯಾವ ಸೀರೆಯಲ್ಲೋ ಯಾವ ಗೌನಿನಲ್ಲೋ ಇದ್ದಾಳೆ ಅಂತ ಅನಿಸಬೇಕು. ಅಲ್ಲಿ ನಿಂತವರು ಮಾಮೂಲಿ ಬಟ್ಟೆಯಲ್ಲಿ, ಹಾಳೆ ಹಿಡಿದು ನಿಂತಿರುತ್ತಾರೆ.

ಇಂಥ ಶಾಲೆಯಲ್ಲಿ ಪಳಗಿದವರು ವೀದಾ. ಅವರ ನಟನೆಯ ಬೇರು ಇರುವುದು ಇಲ್ಲೇ, ರಂಗಭೂಮಿಯಲ್ಲಿ ಅಲ್ಲ. ಮುಂದಿನ ಕಥೆ ಅರ್ಥ ಆಗಬೇಕಾದರೆ ಇದು ತಲೆಯಲ್ಲಿರಬೇಕು.

ರೇಡಿಯೋದಿಂದ ಟಿವಿಗೆ ಹೇಗೆ ಬಂದರು?

ಅವರು ಟಿವಿಗೆ ಹೋದರು ಅನ್ನುವುದಕ್ಕಿಂತ ಟಿವಿಯೇ ಅವರಿದ್ದಲ್ಲಿಗೆ ಬಂತು ಅನ್ನುವುದು ಸರಿ.

ಅಸಿಸ್ ಶಾತೊಬ್ರಿಯಾಂ ಅನ್ನುವ ಪತ್ರಿಕೋದ್ಯಮಿಯ ಹತ್ತಿರ ಆಗ ಬ್ರೆಜಿಲ್ ತುಂಬಾ ಪತ್ರಿಕೆಗಳು, ರೇಡಿಯೋ ಕೇಂದ್ರಗಳು ಇದ್ದವು. ಸಾವೊ ಪಾಲೊದ ದೊಡ್ಡ ಕಲಾ ಮ್ಯೂಸಿಯಂ ಶುರು ಮಾಡಿಸಿದ್ದೂ ಇದೇ ಮನುಷ್ಯ. ಟಿವಿಯನ್ನೂ ತರಲೇಬೇಕು ಅಂತ ಹಟ ಹಿಡಿದು ಅಮೆರಿಕದಿಂದ ಯಂತ್ರಗಳನ್ನು ತರಿಸಿದರು. 1950ರ ಸೆಪ್ಟೆಂಬರ್ 18ರಂದು ಸಾವೊ ಪಾಲೊದಲ್ಲಿ ಟಿವಿ ತುಪಿ ಶುರುವಾಯಿತು. ತುಪಿ ಅನ್ನುವುದು ಬ್ರೆಜಿಲ್‌ನ ಮೂಲನಿವಾಸಿ ಜನರ ಹೆಸರು. ಇದನ್ನು ಲ್ಯಾಟಿನ್ ಅಮೆರಿಕದ ಮೊದಲ ಟಿವಿ ಅಂತ ತುಂಬಾ ಕಡೆ ಬರೆಯುತ್ತಾರೆ. ಮೆಕ್ಸಿಕೊ ಕೆಲವು ವಾರ ಮುಂಚೆಯೇ ಶುರು ಮಾಡಿತ್ತು. ದಕ್ಷಿಣ ಅಮೆರಿಕದ ಮೊದಲ ಟಿವಿ ಅಂದರೆ ಸರಿಯಾಗುತ್ತದೆ.

ಟಿವಿ ನೋಡುವವರೇ ಇಲ್ಲದ ಊರಲ್ಲಿ ಟಿವಿ ಶುರುವಾದರೆ ಏನು ಮಾಡುವುದು? ಶಾತೊಬ್ರಿಯಾಂ 200 ಸೆಟ್‌ಗಳನ್ನು ತರಿಸಿ ನಗರದ ಅಲ್ಲಲ್ಲಿ ಇಡಿಸಿದರು. ಮೊದಲ ರಾತ್ರಿಯೇ ಒಂದು ಕ್ಯಾಮೆರಾ ಕೆಟ್ಟು ನಿಂತಿತು. ಉಳಿದದ್ದರಲ್ಲೇ ಕಾರ್ಯಕ್ರಮ ಮುಗಿಸಿದರು. ಟಿವಿಗೆ ಅಂತ ಬೇರೆ ಕಲಾವಿದರು ಇರಲಿಲ್ಲ. ಅದೇ ಕಂಪನಿಯ ತುಪಿ ಮತ್ತು ದಿಫುಸೊರಾ ರೇಡಿಯೋಗಳ ನಟ ನಟಿಯರು, ಹಾಡುಗಾರರು, ತಂತ್ರಜ್ಞರೇ ಟಿವಿಯನ್ನೂ ನಡೆಸಿದರು. ವೀದಾ ಆ ಗುಂಪಿನವರು. ಮುಂದೆ ಬ್ರೆಜಿಲ್‌ನ ದೊಡ್ಡ ನಟರಲ್ಲಿ ಒಬ್ಬರಾದ ಲೀಮಾ ದುವಾರ್ತೆ ಕೂಡ ರೇಡಿಯೋದಿಂದ ಹೀಗೇ ಬಂದವರು.

ದನಿಯ ಕಲಾವಿದರಿಗೆ ಕ್ಯಾಮೆರಾ ಎದುರು ಕಷ್ಟ ಆಗಲಿಲ್ವಾ?

ಆಗದೇ ಇರುತ್ತಾ? ರೇಡಿಯೋದಲ್ಲಿ ಸ್ಕ್ರಿಪ್ಟ್ ಕೈಯಲ್ಲೇ ಇರುತ್ತಿತ್ತು. ಟಿವಿಯಲ್ಲಿ ಎಲ್ಲ ಬಾಯಿಪಾಠ ಆಗಬೇಕು. ರೇಡಿಯೋದಲ್ಲಿ ಕೈಕಾಲು ಹೇಗಿದ್ದರೂ ನಡೆಯುತ್ತಿತ್ತು. ಇಲ್ಲಿ ಕೈ ಎಲ್ಲಿಡಬೇಕು ಅನ್ನುವುದೇ ಚಿಂತೆ. ಎಲ್ಲ ಲೈವ್. ಮಾತು ಮರೆತರೆ ಮರೆತಂತೆಯೇ. ಎದುರಿನವರು ಏನಾದರೂ ಹೇಳಿ ಸಂಭಾಳಿಸಬೇಕು. ದೀಪಗಳ ಬಿಸಿಗೆ ಬೆವರು ಇಳಿಯುತ್ತಿತ್ತು, ಬಣ್ಣ ಕರಗುತ್ತಿತ್ತು. ಒಂದು ದೃಶ್ಯ ಮುಗಿದ ಕೂಡಲೇ ಸದ್ದಿಲ್ಲದೆ ಇನ್ನೊಂದು ಸೆಟ್ಟಿಗೆ ಓಡಬೇಕು, ದಾರಿಯಲ್ಲೇ ಬಟ್ಟೆ ಬದಲಿಸಬೇಕು. ಜಾಹೀರಾತುಗಳೂ ಲೈವ್. ಒಬ್ಬ ಹುಡುಗಿ ಕ್ಯಾಮೆರಾ ಎದುರು ಬಂದು ಫ್ರಿಜ್ಜನ್ನೋ ಮಿಕ್ಸಿಯನ್ನೋ ತೋರಿಸಿ ಮಾತಾಡುತ್ತಿದ್ದಳು. ನಟರಿಗೆ ಉಸಿರು ಬಿಡಲು ಸಿಗುತ್ತಿದ್ದದ್ದು ಅಷ್ಟೇ ಸಮಯ.

ಆದರೂ ಒಂದು ಅನುಕೂಲ ಇತ್ತು. ಲೈವ್ ಅನ್ನುವುದು ರೇಡಿಯೋದವರಿಗೆ ಹೊಸದಲ್ಲ. ಗಡಿಯಾರದ ಮುಳ್ಳಿನ ಜೊತೆ ಓಡುವುದು ಅವರಿಗೆ ಅಭ್ಯಾಸವಾಗಿತ್ತು. ತಪ್ಪಾದರೂ ಮುಖ ಕೆಡಿಸಿಕೊಳ್ಳದೆ ಮುಂದಕ್ಕೆ ಹೋಗುವುದನ್ನು ಮೈಕೇ ಕಲಿಸಿತ್ತು. ಬ್ರೆಜಿಲ್ ಟಿವಿ ಮೊದಲ ವರ್ಷಗಳಲ್ಲಿ ಕುಸಿದು ಬೀಳದೆ ನಿಂತಿದ್ದರೆ ಅದಕ್ಕೆ ಈ ರೇಡಿಯೋದವರೇ ಕಾರಣ ಅಂತ ನನ್ನ ನಂಬಿಕೆ.

ಬ್ರೆಜಿಲ್‌ನ ಮೊದಲ ಟಿವಿ ಧಾರಾವಾಹಿ ಯಾವುದು?

‘ಸುವಾ ವೀದಾ ಮಿ ಪೆರ್ತೆನ್ಸಿ’. ಕನ್ನಡದಲ್ಲಿ ಹೇಳಿದರೆ ‘ನಿನ್ನ ಬದುಕು ನನ್ನದು’. ನಾಯಕಿಯ ಹೆಸರೇ ವೀದಾ ಆಗಿರುವಾಗ ಈ ಶೀರ್ಷಿಕೆಯನ್ನು ಎರಡು ರೀತಿಯಲ್ಲಿ ಕೇಳಿಸಿಕೊಳ್ಳಬಹುದು, ಅಲ್ವಾ?

ಇದನ್ನು ಬರೆದದ್ದು ವಾಲ್ಟರ್ ಫಾರ್ಸ್ಟರ್. ನಿರ್ದೇಶಕ ಅವರೇ, ನಾಯಕ ಅವರೇ. ರೇಡಿಯೋದಲ್ಲಿ ಅವರ ದನಿಗೆ ಆಗಲೇ ದೊಡ್ಡ ಹೆಸರಿತ್ತು. 1951ರ ಡಿಸೆಂಬರಿನಲ್ಲಿ ಶುರುವಾಗಿ 1952ರ ಫೆಬ್ರವರಿಯಲ್ಲಿ ಮುಗಿಯಿತು. ಒಟ್ಟು 15 ಕಂತು. ಒಂದೊಂದೂ ಸುಮಾರು 20 ನಿಮಿಷ. ಈಗಿನ ಹಾಗೆ ದಿನವೂ ಬರುತ್ತಿರಲಿಲ್ಲ, ವಾರಕ್ಕೆ ಎರಡೇ ಸಲ. ನಟರಿಗೆ ರೇಡಿಯೋ ಕೆಲಸವೂ ಇರುತ್ತಿತ್ತು, ಮಾತು ಕಲಿಯಲು ಸಮಯ ಬೇಕಿತ್ತು. ದಿನವೂ ಪ್ರಸಾರವಾಗುವ ಧಾರಾವಾಹಿ ಬ್ರೆಜಿಲ್‌ಗೆ ಬಂದದ್ದು 1963ರಲ್ಲಿ, ಟಿವಿ ಎಕ್ಸೆಲ್ಸಿಯರ್ ಅನ್ನುವ ಇನ್ನೊಂದು ಚಾನೆಲ್‌ನಲ್ಲಿ.

ಆ ಮುತ್ತಿನ ಕಥೆ ಏನು?

ಎಲ್ಲರೂ ಕೇಳುವುದು ಇದನ್ನೇ.

ಫಾರ್ಸ್ಟರ್‌ಗೆ ಕಥೆಯ ಕೊನೆಯಲ್ಲಿ ನಾಯಕ ನಾಯಕಿಗೆ ಮುತ್ತು ಕೊಡಲೇಬೇಕು ಅಂತ ಇತ್ತು. ಸಿನಿಮಾದಲ್ಲಿ ಮುತ್ತು ಆಗಲೇ ಮಾಮೂಲಿ. ಹಾಲಿವುಡ್ ಚಿತ್ರಗಳು ಬ್ರೆಜಿಲ್ ಊರೂರಲ್ಲಿ ಓಡುತ್ತಿದ್ದವು. ಆದರೆ ಸಿನಿಮಾ ನೋಡಲು ಜನ ಟಿಕೆಟ್ ತಗೊಂಡು ಕತ್ತಲೆ ಕೋಣೆಗೆ ಹೋಗುತ್ತಾರೆ. ಟಿವಿ ಮನೆಯ ಹಾಲ್‌ನಲ್ಲಿ ಇರುತ್ತದೆ. ಅಜ್ಜಿ, ಮಕ್ಕಳು, ಪಕ್ಕದ ಮನೆಯವರು ಎಲ್ಲ ಒಟ್ಟಿಗೆ ಕೂತಿರುತ್ತಾರೆ. ಅದಕ್ಕೇ ಇದು ಸಣ್ಣ ವಿಷಯ ಆಗಿರಲಿಲ್ಲ.

ಮೊದಲು ಚಾನೆಲ್‌ನವರನ್ನು ಒಪ್ಪಿಸಬೇಕಾಯಿತು. ಆಮೇಲೆ ವೀದಾರನ್ನು. ಅವರಿಗೆ ಮದುವೆಯಾಗಿತ್ತು, ಗಂಡ ಇಟಲಿಯವರು. ಫಾರ್ಸ್ಟರ್ ವೀದಾರ ಗಂಡನನ್ನೂ ಕೇಳಿದರು, ಅವರೂ ಒಪ್ಪಿದರು. ಈ ಮಾತನ್ನು ವೀದಾ ಮುಂದೆ ಹೇಳಿಕೊಂಡಿದ್ದಾರೆ. ಗಂಡನ ಅಪ್ಪಣೆ ಕೇಳಬೇಕಾದ ಕಾಲ ಅದು ಅನ್ನುವುದನ್ನು ಓದುವಾಗ ಈಗಲೂ ಮನಸ್ಸಿಗೆ ಚುರುಕ್ ಅನ್ನುತ್ತದೆ. ನಟಿಯ ಕೆಲಸ ಅವಳದ್ದು, ತೀರ್ಮಾನವೂ ಅವಳದ್ದೇ ಆಗಬೇಕಿತ್ತು. ಆ ಕಾಲದಲ್ಲಿ ಆ ಮನೆಯಲ್ಲಿ ಬೇಡ ಅನ್ನದೇ ಇದ್ದದ್ದೂ ದೊಡ್ಡದೇ ಅನ್ನಿ.

ಮುತ್ತು ಹೇಗಿತ್ತು? ತುಟಿಗೆ ತುಟಿ ಮೆತ್ತಗೆ ತಾಗಿದ್ದು, ಅಷ್ಟೇ. ಬ್ರೆಜಿಲ್‌ನವರು ಇಂಥ ಸಣ್ಣ ಮುತ್ತಿಗೆ ‘ಸೆಲಿಂಞೊ’ ಅನ್ನುತ್ತಾರೆ, ಅಂದರೆ ಪುಟ್ಟ ಸ್ಟಾಂಪ್. ಕಾಗದದ ಮೇಲೆ ಸ್ಟಾಂಪ್ ಒತ್ತಿದಂತೆ ಒತ್ತಿ ತೆಗೆಯುವುದು. ಒಂದೆರಡು ಕ್ಷಣದ ಮಾತು. ಆ ಒಂದೆರಡು ಕ್ಷಣದ ಬಗ್ಗೆ ವೀದಾ ಮುಂದಿನ ಅರವತ್ತು ಚಿಲ್ಲರೆ ವರ್ಷ ಉತ್ತರ ಹೇಳುತ್ತಲೇ ಇದ್ದರು.

ನೋಡಿದ ಜನ ಏನಂದರು?

ಗದ್ದಲ ಆಯಿತು. ಮನೆಯೊಳಗೆ ಇಂಥದ್ದು ಬರಬಾರದು ಅಂದವರು ಇದ್ದರು. ಆದರೆ ಒಂದು ವಿಷಯ ಮರೆಯಬಾರದು. ನೋಡಿದವರ ಸಂಖ್ಯೆಯೇ ಕಡಿಮೆ. ಟಿವಿ ಆಗ ಹಣವಂತರ ಮನೆಯ ವಸ್ತು, ಅದೂ ಸಾವೊ ಪಾಲೊ ಸುತ್ತಮುತ್ತ ಮಾತ್ರ ಸಿಗುತ್ತಿದ್ದದ್ದು. ಟಿವಿ ಇದ್ದ ಮನೆಗೆ ಅಕ್ಕಪಕ್ಕದವರು ಸಂಜೆ ಬಂದು ಕೂರುತ್ತಿದ್ದರು. ಅಂಥವರಿಗೆ ಬ್ರೆಜಿಲ್‌ನಲ್ಲಿ ಒಂದು ಚೆಂದದ ಪದ ಹುಟ್ಟಿಕೊಂಡಿತು: ‘ಟೆಲೆವಿಜಿಂಞೊ’. ‘ಟೆಲೆವಿಜಾವ್’ ಅಂದರೆ ಟಿವಿ, ‘ವಿಜಿಂಞೊ’ ಅಂದರೆ ನೆರೆಮನೆಯವ. ಎರಡನ್ನೂ ಸೇರಿಸಿ ಮಾಡಿದ್ದು. ಕನ್ನಡದಲ್ಲಿ ‘ಟಿವಿನೆರೆಯವರು’ ಅನ್ನಬಹುದೇನೋ. 1980ರ ದಶಕದಲ್ಲಿ ಭಾನುವಾರ ಬೆಳಗ್ಗೆ ಪಕ್ಕದ ಮನೆಗೆ ಹೋಗಿ ಟಿವಿ ನೋಡಿದ ನಮ್ಮವರಿಗೆ ಈ ಪದವನ್ನು ಬಿಡಿಸಿ ಹೇಳಬೇಕಿಲ್ಲ.

ಆ ದೃಶ್ಯದ ವಿಡಿಯೋ ಎಲ್ಲಿ ಸಿಗುತ್ತದೆ?

ಸಿಗುವುದಿಲ್ಲ. ವಿಡಿಯೋ ಇಲ್ಲವೇ ಇಲ್ಲ. ಬ್ರೆಜಿಲ್‌ಗೆ ವಿಡಿಯೋಟೇಪ್ ಬಂದದ್ದು 1960ರ ಸುಮಾರಿಗೆ. 1952ರಲ್ಲಿ ಸ್ಟುಡಿಯೋದಿಂದ ಹೊರಟ ಚಿತ್ರ ಆಂಟೆನಾ ಸೇರಿ, ಗಾಳಿಯಲ್ಲಿ ಹೋಗಿ, ಯಾರದೋ ಮನೆಯ ಪರದೆ ಮೇಲೆ ಒಂದು ಕ್ಷಣ ಬೆಳಗಿ ಆರಿಹೋಯಿತು. ಎಲ್ಲೂ ದಾಖಲಾಗಲಿಲ್ಲ.

ಫೋಟೋ ಆದರೂ ಇದೆಯಾ?

ಮುತ್ತಿನ ಫೋಟೋ ಇಲ್ಲ. ಆ ಧಾರಾವಾಹಿಯ ಬೇರೆ ಫೋಟೋಗಳಲ್ಲಿ ವೀದಾ, ಫಾರ್ಸ್ಟರ್ ಹತ್ತಿರ ಹತ್ತಿರ ಇರುವುದನ್ನು ನೋಡಬಹುದು. ಅದನ್ನೇ ಎಲ್ಲರೂ ‘ಮೊದಲ ಮುತ್ತು’ ಅಂತ ಹಂಚಿಕೊಳ್ಳುತ್ತಾರೆ. ಅದು ಸರಿಯಲ್ಲ.

ನನಗೆ ಇದು ಬಹಳ ಕಾಡುವ ವಿಷಯ. ಒಂದು ದೇಶದ ಟಿವಿ ಚರಿತ್ರೆಯಲ್ಲಿ ಇಷ್ಟು ಮಾತಾಡಿಸಿಕೊಂಡ ದೃಶ್ಯ, ಅದನ್ನು ನೋಡಲು ಈಗ ಯಾರಿಗೂ ಆಗುವುದಿಲ್ಲ. ನಮಗೆ ಉಳಿದಿರುವುದು ವೀದಾ ಬಾಯಿಂದ ಬಂದ ವಿವರಣೆ. ವಯಸ್ಸಾದ ಮೇಲೆ ಅವರು ಎಷ್ಟೋ ಸಂದರ್ಶನಗಳಲ್ಲಿ ಕ್ಯಾಮೆರಾ ಎದುರು ಕೂತು ಅದನ್ನು ಮತ್ತೆ ಮತ್ತೆ ಹೇಳಿದರು. ಕೇಳಿದವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ.

1963ರ ಇನ್ನೊಂದು ಮುತ್ತು ಯಾವುದು?

ಇದನ್ನು ಜನ ಕೇಳುವುದು ಕಡಿಮೆ. ನನ್ನ ಪ್ರಕಾರ ಮೊದಲನೆಯದಕ್ಕಿಂತ ಇದು ದೊಡ್ಡ ಧೈರ್ಯ.

ಟಿವಿ ತುಪಿಯಲ್ಲಿ ‘ಟಿವಿ ದಿ ವಾನ್‌ಗ್ವಾರ್ದಾ’ ಅನ್ನುವ ಕಾರ್ಯಕ್ರಮ ಬರುತ್ತಿತ್ತು. 1952ರಲ್ಲಿ ಶುರುವಾದದ್ದು. ಇದು ಧಾರಾವಾಹಿ ಅಲ್ಲ, ಟಿವಿ ನಾಟಕ. ಒಂದು ರಾತ್ರಿಗೆ ಒಂದು ಪೂರ್ತಿ ನಾಟಕ. ಜಗತ್ತಿನ ಒಳ್ಳೊಳ್ಳೆ ನಾಟಕ, ಕಾದಂಬರಿಗಳನ್ನು ಅದರಲ್ಲಿ ಟಿವಿಗೆ ಒಗ್ಗಿಸಿ ಆಡುತ್ತಿದ್ದರು. ಇದರ ಬೆನ್ನೆಲುಬು ಕಾಸಿಯಾನೊ ಗಾಬುಸ್ ಮೆಂಡೆಸ್. ಆ ದಿನಗಳಲ್ಲಿ ನಟರಿಗೆ ಧಾರಾವಾಹಿಗಿಂತ ಇದರಲ್ಲಿ ಪಾತ್ರ ಸಿಗುವುದೇ ಮರ್ಯಾದೆಯ ವಿಷಯ.

1963ರಲ್ಲಿ ಅದರಲ್ಲಿ ‘ಅ ಕಲೂನಿಯಾ’ ಅನ್ನುವ ನಾಟಕ ಬಂತು. ‘ಅಪವಾದ’ ಅಂತ ಅರ್ಥ. ಅಮೆರಿಕದ ಲಿಲಿಯನ್ ಹೆಲ್ಮನ್ 1934ರಲ್ಲಿ ಬರೆದ ನಾಟಕವೇ ಇದರ ಮೂಲ. ಇಬ್ಬರು ಗೆಳತಿಯರು ಸೇರಿ ಹುಡುಗಿಯರ ಶಾಲೆ ನಡೆಸುತ್ತಿರುತ್ತಾರೆ. ಒಬ್ಬಳು ವಿದ್ಯಾರ್ಥಿನಿ ಅವರಿಬ್ಬರ ನಡುವೆ ಏನೋ ಇದೆ ಅಂತ ಸುದ್ದಿ ಹಬ್ಬಿಸುತ್ತಾಳೆ. ಊರು ನಂಬುತ್ತದೆ. ಶಾಲೆ ಮುಚ್ಚುತ್ತದೆ, ಇಬ್ಬರ ಬದುಕೂ ಮುರಿದುಬೀಳುತ್ತದೆ. ಆ ಇಬ್ಬರು ಗೆಳತಿಯರಾಗಿ ನಟಿಸಿದವರು ವೀದಾ ಆಲ್ವೆಸ್ ಮತ್ತು ಜಿಯಾರ್ಜಿಯಾ ಗೊಮಿಡೆ. ಬ್ರೆಜಿಲ್ ಟಿವಿಯಲ್ಲಿ ಇಬ್ಬರು ಹೆಂಗಸರ ನಡುವಿನ ಮೊದಲ ಮುತ್ತು ಆ ನಾಟಕದಲ್ಲಿ ಬಂತು.

ಇದರ ವಿಡಿಯೋ ಕೂಡ ಉಳಿದಿಲ್ಲ. ಟೇಪ್ ಬಂದಿದ್ದರೂ ಅದು ಬಲು ದುಬಾರಿ. ಒಂದೇ ಟೇಪನ್ನು ಅಳಿಸಿ ಅಳಿಸಿ ಮತ್ತೆ ಬಳಸುತ್ತಿದ್ದರು. ಆದರೆ ಈ ಸಲ ಒಂದು ಫೋಟೋ ಉಳಿದುಕೊಂಡಿದೆ. ಕಪ್ಪು ಬಿಳುಪು. ಇಬ್ಬರು ಹೆಂಗಸರು, ಮುಖಕ್ಕೆ ಮುಖ. ಮೊದಲ ಸಲ ಆ ಫೋಟೋ ನೋಡಿದಾಗ ನಾನು ಅದರ ಕೆಳಗಿದ್ದ ಇಸವಿಯನ್ನು ಎರಡೆರಡು ಸಲ ಓದಿದೆ. ಅದರ ಮರುವರ್ಷವೇ, 1964ರಲ್ಲಿ, ಬ್ರೆಜಿಲ್‌ನಲ್ಲಿ ಸೈನ್ಯ ಅಧಿಕಾರ ಹಿಡಿಯಿತು. 1985ರವರೆಗೂ ಬಿಡಲಿಲ್ಲ. ಟಿವಿ, ನಾಟಕ, ಪತ್ರಿಕೆ ಎಲ್ಲದರ ಮೇಲೂ ಸೆನ್ಸಾರ್ ಕೂತಿತು.

ಆಮೇಲೆ ಅಂಥ ದೃಶ್ಯ ಮತ್ತೆ ಯಾವಾಗ ಬಂತು?

ಧಾರಾವಾಹಿಯೊಂದರಲ್ಲಿ ಇಬ್ಬರು ಹೆಂಗಸರ ಮುತ್ತು ಬಂದದ್ದು 2011ರಲ್ಲಿ, ಎಸ್‌ಬಿಟಿ ಚಾನೆಲ್‌ನಲ್ಲಿ. 1963ರಿಂದ ಲೆಕ್ಕ ಹಾಕಿದರೆ 48 ವರ್ಷ. ಆಗ ಪತ್ರಿಕೆಗಳು ‘ಇದೇ ಮೊದಲು’ ಅಂತ ಬರೆಯಲು ಹೊರಟಾಗ 1963ರ ಆ ಫೋಟೋ ಮತ್ತೆ ಬೆಳಕಿಗೆ ಬಂತು. 2014ರ ಜನವರಿಯಲ್ಲಿ ಗ್ಲೋಬೊ ಚಾನೆಲ್‌ನ ರಾತ್ರಿ ಧಾರಾವಾಹಿಯ ಕೊನೆಯ ಕಂತಿನಲ್ಲಿ ಇಬ್ಬರು ಗಂಡಸರ ಮುತ್ತು ಬಂತು, ದೇಶವೆಲ್ಲ ಅದರದ್ದೇ ಮಾತು. 2015ರಲ್ಲಿ ಫೆರ್ನಾಂದಾ ಮೊಂಟೆನೆಗ್ರೊ ಮತ್ತು ನತಾಲಿಯಾ ತಿಂಬರ್ಗ್, ಇಬ್ಬರೂ ಎಂಬತ್ತು ದಾಟಿದ ಹಿರಿಯ ನಟಿಯರು, ಹೀಗೇ ಒಂದು ದೃಶ್ಯದಲ್ಲಿ ನಟಿಸಿದರು. ಅದಕ್ಕೂ ವಿರೋಧ ಎದ್ದಿತು. ಅಷ್ಟು ಹೊತ್ತಿಗೆ ವೀದಾ ಈ ದಾರಿಯಲ್ಲಿ ಹೋಗಿ ಅರ್ಧ ಶತಮಾನ ಕಳೆದಿತ್ತು.

ನಟನೆ ಬಿಟ್ಟು ಬೇರೇನು ಮಾಡಿದರು?

ಬರೆದರು, ಕಾರ್ಯಕ್ರಮ ನಡೆಸಿಕೊಟ್ಟರು. ತುಪಿಯಲ್ಲಿ ‘ತ್ರಿಬುನಾಲ್ ದು ಕೊರಸಾವ್’, ಅಂದರೆ ‘ಹೃದಯದ ನ್ಯಾಯಾಲಯ’ ಅನ್ನುವ ಕಾರ್ಯಕ್ರಮಕ್ಕೆ ಅವರ ಹೆಸರು ಅಂಟಿಕೊಂಡಿದೆ. 2008ರಲ್ಲಿ ತುಪಿಯ ಬಗ್ಗೆ ಒಂದು ಪುಸ್ತಕವನ್ನೂ ಬರೆದರು. ಅದರ ಉಪಶೀರ್ಷಿಕೆ ‘ಒಂದು ಸುಂದರ ಪ್ರೇಮಕಥೆ’ ಅಂತ. ಒಂದು ಚಾನೆಲ್ ಬಗ್ಗೆ ಬರೆದ ಪುಸ್ತಕಕ್ಕೆ ಈ ಹೆಸರು!

ಟಿವಿ ತುಪಿ ಏನಾಯಿತು? ಈಗಲೂ ಇದೆಯಾ?

ಇಲ್ಲ. 1960ರ ದಶಕದ ಮಧ್ಯದಲ್ಲಂತೂ ತುಪಿಗೆ ಒಳ್ಳೆ ಕಾಲ. 1964ರಲ್ಲಿ ಶುರುವಾದ ಒಂದು ಧಾರಾವಾಹಿ ಎಷ್ಟು ಹೆಸರು ಮಾಡಿತು ಅಂದರೆ, 1965ರಲ್ಲಿ ಅದು ಮುಗಿದಾಗ ಸಾವೊ ಪಾಲೊ ಮತ್ತು ರಿಯೊದ ದೊಡ್ಡ ಕ್ರೀಡಾಂಗಣಗಳಲ್ಲಿ ಜನ ಸೇರಿ ಕಲಾವಿದರನ್ನು ನೋಡಿದರು. ಆದರೆ ಅದೇ 1965ರಲ್ಲಿ ಗ್ಲೋಬೊ ಬಂತು. ಶಾತೊಬ್ರಿಯಾಂ 1968ರಲ್ಲಿ ತೀರಿಕೊಂಡರು. ತುಪಿಗೆ ಸಾಲ ಏರಿತು. ಸಂಬಳ ನಿಂತಿತು, ಮುಷ್ಕರಗಳಾದವು. 1980ರ ಜುಲೈ 18ರಂದು ಸರ್ಕಾರ ಅದನ್ನು ಮುಚ್ಚಿಸಿತು. ಮೂವತ್ತು ವರ್ಷ ತುಂಬಲು ಎರಡೇ ತಿಂಗಳು ಬಾಕಿ ಇತ್ತು.

ಅಳಿದುಳಿದ ಫಿಲ್ಮ್, ಟೇಪುಗಳು ಆಮೇಲೆ ಸಾವೊ ಪಾಲೊದ ಸಿನೆಮಾತೆಕಾ, ಅಂದರೆ ಹಳೆಯ ಚಿತ್ರಗಳನ್ನು ಕಾಪಾಡಿಡುವ ಸಂಗ್ರಹಾಲಯ ಸೇರಿದವು. ಸುಮರೆ ಬಡಾವಣೆಯಲ್ಲಿದ್ದ ತುಪಿಯ ಕಟ್ಟಡದಲ್ಲಿ 1990ರಿಂದ ಎಂಟಿವಿ ಬ್ರೆಜಿಲ್ ನಡೆಯಿತು.

ಪ್ರೊ-ಟಿವಿ ಅಂದರೆ ಏನು?

ನನಗೆ ವೀದಾ ಮೇಲೆ ಗೌರವ ಮೂಡಿಸಿದ್ದು ಇದು.

1995ರಲ್ಲಿ, 67ನೇ ವಯಸ್ಸಿನಲ್ಲಿ, ಅವರು ಹಳೆಯ ಜೊತೆಗಾರರನ್ನು ಸೇರಿಸಿ ಪ್ರೊ-ಟಿವಿ ಅನ್ನುವ ಸಂಘ ಕಟ್ಟಿದರು. ಟಿವಿ ಶುರು ಮಾಡಿದ ಮೊದಲ ತಲೆಮಾರಿನವರ ಸಂಘ ಅದು. ಚಾನೆಲ್ ಮುಚ್ಚಿತ್ತು, ಟೇಪುಗಳು ಅಳಿಸಿಹೋಗಿದ್ದವು, ಜೊತೆಗಾರರು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಉಳಿದಿದ್ದದ್ದು ಅವರ ತಲೆಯೊಳಗಿನ ನೆನಪು, ಮನೆಯ ಅಟ್ಟದ ಮೇಲಿದ್ದ ಡಬ್ಬಿಗಳು. ವೀದಾ ಎರಡನ್ನೂ ಕೂಡಿಸಲು ಹೊರಟರು.

ನಟರು ಮಾತ್ರ ಅಲ್ಲ. ಕ್ಯಾಮೆರಾ ಹಿಡಿದವರು, ದೀಪ ಇಟ್ಟವರು, ಸದ್ದು ಮಾಡಿದವರು, ಜಾಹೀರಾತಿನ ಹುಡುಗಿಯರು, ಎಲ್ಲರನ್ನೂ ಕೂರಿಸಿ ಮಾತಾಡಿಸಿ ರೆಕಾರ್ಡ್ ಮಾಡಿಸಿದರು. ಹಳೆಯ ಫೋಟೋ, ಸ್ಕ್ರಿಪ್ಟ್, ಕ್ಯಾಮೆರಾ, ಟಿವಿ ಸೆಟ್ ಕೂಡಿಟ್ಟರು. ಇಡಲು ಜಾಗ? ತಮ್ಮ ಮನೆಯೇ. ಆ ಮನೆ ಇದ್ದದ್ದು ಸುಮರೆಯಲ್ಲಿ, ಅಂದರೆ ತುಪಿ ಸ್ಟುಡಿಯೋ ಇದ್ದ ಬಡಾವಣೆಯಲ್ಲೇ. ಹಳೆಯ ಕೆಲಸದ ಜಾಗದ ಮಗ್ಗುಲಲ್ಲೇ ಅದರ ನೆನಪನ್ನು ಇಟ್ಟುಕೊಂಡು ಬಾಳಿದರು.

ಬ್ರೆಜಿಲ್ ಟಿವಿಯ ಮೊದಲ ಹತ್ತು ವರ್ಷದ ಬಗ್ಗೆ ಈಗ ಯಾರೇ ಬರೆಯಲಿ, ವಿಡಿಯೋ ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ. ಸಿಗುವುದು ಇಂಥ ಮಾತುಕತೆಗಳು. ಯಾರು ಎಲ್ಲಿ ನಿಂತಿದ್ದರು, ಯಾವ ಕ್ಯಾಮೆರಾ ಕೈಕೊಟ್ಟಿತು, ಯಾರು ಮಾತು ಮರೆತಾಗ ಯಾರು ಸಂಭಾಳಿಸಿದರು ಅನ್ನುವುದೆಲ್ಲ ಅಲ್ಲಿಂದಲೇ ತಿಳಿಯಬೇಕು.

ಅವರನ್ನು ಬರೀ ‘ಮೊದಲ ಮುತ್ತಿನ ನಟಿ’ ಅಂತ ಕರೆಯುವುದು ಸರಿನಾ?

ಸರಿ ಅನಿಸುವುದಿಲ್ಲ. ತಪ್ಪು ಸುದ್ದಿ ಅಂತ ಅಲ್ಲ, ಸಣ್ಣದಾಗುತ್ತದೆ ಅಂತ. ವಾಲ್ಟರ್ ಫಾರ್ಸ್ಟರ್ ಕೂಡ ಆ ಮುತ್ತಿನಲ್ಲಿ ಇದ್ದರು. ಅವರ ಬಗ್ಗೆ ಬರೆಯುವಾಗ ಬರಹಗಾರ, ನಿರ್ದೇಶಕ, ರೇಡಿಯೋದ ದೊಡ್ಡ ದನಿ ಅಂತೆಲ್ಲ ಬರೆದು ಆಮೇಲೆ ಮುತ್ತಿಗೆ ಬರುತ್ತಾರೆ. ವೀದಾ ಬಗ್ಗೆ ಬರೆಯುವಾಗ ಮೊದಲ ಸಾಲಲ್ಲೇ ಮುತ್ತು. ನಾನೂ ಮೇಲೆ ಹಾಗೇ ಶುರು ಮಾಡಿದೆ, ಯಾಕೆಂದರೆ ಓದುಗರು ಹುಡುಕಿಕೊಂಡು ಬರುವುದು ಅದನ್ನೇ. ಬಂದವರು ಪ್ರೊ-ಟಿವಿಯವರೆಗೂ ಓದಲಿ ಅನ್ನುವುದು ನನ್ನ ಆಸೆ.

ಯಾವಾಗ ತೀರಿಕೊಂಡರು?

2017ರ ಜನವರಿ 3ರಂದು, ಸಾವೊ ಪಾಲೊದಲ್ಲಿ. ಆಗ ಅವರಿಗೆ 88 ವರ್ಷ.

ಅವರ ಮನೆಯಲ್ಲಿ ಬೇರೆ ಯಾರಾದರೂ ಕಲಾವಿದರು ಇದ್ದಾರಾ?

ಇದ್ದಾರೆ. ಮೊಮ್ಮಗಳು ತಿಯೆ ಬ್ರೆಜಿಲ್‌ನಲ್ಲಿ ಹೆಸರು ಮಾಡಿರುವ ಹಾಡುಗಾರ್ತಿ. ಹಾಡು ತಾವೇ ಬರೆದು ಹಾಡುತ್ತಾರೆ. ತಿಯೆ ಅನ್ನುವುದು ಬ್ರೆಜಿಲ್ ಕಾಡಿನ ಒಂದು ಹಕ್ಕಿಯ ಹೆಸರು. ಅಜ್ಜಿಯ ಹೆಸರಿನ ಅರ್ಥ ಬದುಕು, ಮೊಮ್ಮಗಳದ್ದು ಹಕ್ಕಿ. ಅಜ್ಜಿಯ ದನಿ ಕೇಳಬೇಕಾದರೆ ಹಳೆಯ ಸಂದರ್ಶನಗಳನ್ನು ಹುಡುಕಿ ನೋಡಿ. ಪೋರ್ಚುಗೀಸ್ ಬರದಿದ್ದರೂ ಪರವಾಗಿಲ್ಲ. ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ, ಕೊನೆಯ ಅಕ್ಷರವನ್ನೂ ನುಂಗದೆ ಹೇಳುತ್ತಾರೆ. ಮೈಕಿನ ಮುಂದೆ ಹಾಳೆ ಹಿಡಿದು ನಿಂತು ಕಲಿತ ಮಾತು ಅದು.